ಮುಂದಿನ ಮನೆಗೆ ಹೋದ ಕರೆ

ಈ ಘಟನೆಯನ್ನು ಬೇರೆ ಯಾರಾದರೂ ನನ್ನೆದುರು ಹೇಳಿದ್ದರೆ, ಚಹಾ ಆರುವುದರೊಳಗೆ ಅವರ ಬಾಯಿ ಮುಚ್ಚಿಸುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಹೆಸರು ಮಾಡಿದ್ದೇ ಹಾಗೆ. ಸಾಕ್ಷಿ ಯಾರು? ಬೆಳಕು ಎಷ್ಟಿತ್ತು? ಕಂಡವರಿಗೆ ನಿದ್ದೆ ಸಾಕಾಗಿತ್ತೇ?

ಆ ಪ್ರಶ್ನೆಗಳನ್ನೆಲ್ಲ ನನಗೆ ನಾನೇ ಹಾಕಿಕೊಂಡಿದ್ದೇನೆ. ಸಾಕ್ಷಿಗಳು ಇಬ್ಬರು. ಬೆಳಕು ಕಡಿಮೆಯಿತ್ತು, ಒಪ್ಪುತ್ತೇನೆ. ನಿದ್ದೆಯ ವಿಷಯಕ್ಕೆ ಬಂದರೆ, ಆವತ್ತು ಮಧ್ಯಾಹ್ನ ಗಡದ್ದಾಗಿ ಮಲಗಿ ಎದ್ದಿದ್ದೆ. ಇಷ್ಟಾದ ಮೇಲೂ ಇದು ನಡೆಯಿತೆಂದೇ ಹೇಳಬೇಕಾಗಿ ಬಂದಿರುವುದು ನನಗೆ ಖುಷಿಯ ವಿಷಯವಲ್ಲ.

ನಾನು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಒಬ್ಬ ವಕೀಲರ ಕೈಕೆಳಗೆ ಕೆಲಸ ಮಾಡುತ್ತೇನೆ. ಮನೆತನ ಹುಬ್ಬಳ್ಳಿಯದು. ಅಪ್ಪನಿಗೆ ಬ್ಯಾಂಕಿನ ವರ್ಗಾವಣೆಯಾಗಿ ಇಲ್ಲಿಗೆ ಬಂದೆವು. ಅಪ್ಪನ ತಂಗಿ ಶಾರದಾ ಅತ್ತೆ ನಮಗಿಂತ ಮೊದಲೇ ಗುಜರಾತಿಗೆ ಬಂದವಳು. ಅವಳ ಗಂಡ ಗಂಗಾಧರ ಮಾಮಾ ರೈಲ್ವೆಯಲ್ಲಿ ಡ್ರೈವರ್. ಅವರಿರುವುದು ವಡೋದರಾದಿಂದ ಸೂರತ್ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಸಣ್ಣ ಜಂಕ್ಷನ್ ಊರಿನಲ್ಲಿ. ಅಲ್ಲಿ ಈಗಲೂ ಜನ ಇದ್ದಾರೆ, ಅದಕ್ಕೇ ಊರಿನ ಹೆಸರು ಬರೆಯುವುದಿಲ್ಲ.

ಹಳಿ ಬಂದ ಮೇಲೆ ಹುಟ್ಟಿದ ಊರದು. ವಡೋದರಾದ ಮಹಾರಾಜರ ಕಾಲದಲ್ಲಿ ಹತ್ತಿಯ ಮೂಟೆ ಸಾಗಿಸಲು ಪುಟ್ಟ ಗೇಜಿನ ಲೈನು ಹಾಕಿದರು. ಎಂಜಿನ್ನಿಗೆ ನೀರು ಬೇಕು ಎಂದು ಟಾಂಕಿ ಕಟ್ಟಿದರು. ರಾತ್ರಿ ಎಂಜಿನ್ ನಿಲ್ಲಲು ಶೆಡ್ಡು ಬಂತು, ಶೆಡ್ಡಿನವರಿಗೆ ಕ್ವಾರ್ಟರ್ಸ್ ಬಂದವು, ಕ್ವಾರ್ಟರ್ಸಿನ ಮಕ್ಕಳಿಗೆ ಶಾಲೆ. ಶೆಡ್ಡಿನ ಭೋಂಗಾ ಕೂಗಿದಾಗ ಊರಿನ ಹೆಂಗಸರು ಒಲೆ ಹಚ್ಚುತ್ತಿದ್ದರಂತೆ. ಮದುವೆಯ ಮುಹೂರ್ತವನ್ನು ಮೊದಲು ಡ್ಯೂಟಿಯ ಪಟ್ಟಿ ನೋಡಿ, ಆಮೇಲೆ ಪಂಚಾಂಗ ನೋಡಿ ಇಡುತ್ತಿದ್ದರಂತೆ. ಸೀಟಿ ಹೊಡೆಯುವ ರೀತಿಯಲ್ಲೇ ಇವತ್ತು ಯಾರಪ್ಪ ಬಂದ ಎಂದು ಮಕ್ಕಳಿಗೆ ತಿಳಿಯುತ್ತಿತ್ತಂತೆ.

ಆಮೇಲೆ ಸಣ್ಣ ಲೈನು ಮುಚ್ಚಿತು. ಶೆಡ್ಡಿಗೆ ಬೀಗ ಬಿತ್ತು. ಮಾಮಾನಂಥ ಕೆಲವರು ತರಬೇತಿ ಪಡೆದು ದೊಡ್ಡ ಲೈನಿನ ಕರೆಂಟ್ ಎಂಜಿನ್ ಹತ್ತಿದರು. ಉಳಿದವರು ಊರು ಬಿಟ್ಟರು. ನಾನು ಹೋದಾಗ ಆ ಸಾಲು ಕ್ವಾರ್ಟರ್ಸಿನಲ್ಲಿ ದೀಪ ಉರಿಯುತ್ತಿದ್ದದ್ದು ಎರಡೇ ಮನೆಗಳಲ್ಲಿ. ಮೊದಲನೆಯದು ಮಾಮಾನದು. ಕೊನೆಯದರಲ್ಲಿ ರಾಕೇಶ್ ಎಂಬ ಹೊಸ ಹುಡುಗ, ಬಿಹಾರದವನು, ಸಹಾಯಕ ಡ್ರೈವರ್. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಡುವಿನ ಮನೆಗಳ ಬಾಗಿಲು, ಕಿಟಕಿ ಎಲ್ಲವನ್ನೂ ಯಾರೋ ಕಿತ್ತುಕೊಂಡು ಹೋಗಿದ್ದರು.

ನನ್ನನ್ನು ಕರೆಸಿದ್ದು ಅತ್ತೆ. ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು. ಕೆಲವು ತಿಂಗಳಿಂದ ಮಾಮಾ ರಾತ್ರಿ ಎದ್ದು, ಪ್ಯಾಂಟು ಹಾಕಿಕೊಂಡು, ಊಟದ ಡಬ್ಬಿ ಹಿಡಿದು ಶೆಡ್ಡಿನ ಕಡೆ ನಡೆಯುತ್ತಾನಂತೆ. ಯಾಕೆ ಎಂದರೆ, “ಛಗನಕಾಕಾ ಕಾಲ್ ಕೊಟ್ಟ” ಎನ್ನುತ್ತಾನಂತೆ. ಬೀಗ ಹಾಕಿದ ಶೆಡ್ಡಿನ ಮುಂದೆ ಬೆಳಗಿನವರೆಗೆ ಕೂತು ಬರುತ್ತಾನೆ. ಮರುದಿನ ನಿದ್ದೆಗೆಟ್ಟ ಅದೇ ಕಣ್ಣಿನಲ್ಲಿ ವಡೋದರಾಕ್ಕೆ ಹೋಗಿ ಗೂಡ್ಸ್ ಗಾಡಿ ಓಡಿಸಬೇಕು. ಹಿಂದಿನ ವಾರ ಕೆಂಪು ಸಿಗ್ನಲ್ ಎದುರಿಗೆ ಬಂದರೂ ಇವನಿಗೆ ಕಂಡಿಲ್ಲ. ಪಕ್ಕದ ಸಹಾಯಕ ಬ್ರೇಕ್ ಹಾಕಿದ್ದಕ್ಕೆ ಬಚಾವು.

“ನೌಕರಿ ಹೋದ್ರ ಹೋಗ್ಲಿ ಬಿಡ ಮೇಘಾ,” ಅಂದಳು ಅತ್ತೆ. “ಮುಂದ ಪ್ಯಾಸೆಂಜರ್ ಗಾಡಿ ನಿಂತಿದ್ರ ಏನ್ ಗತಿ? ನೀ ಬಂದು ಒಂದ್ ರಾತ್ರಿ ಇರು. ಅಲ್ಲಿ ಯಾರೂ ಇಲ್ಲ ಅಂತ ಅವರಿಗೆ ತಿಳಿಸಿ ಹೇಳು. ವಾದ ಮಾಡೂದು ನಿನಗ ಬರ್ತೈತಿ.”

ಡಾಕ್ಟರಿಗೆ ತೋರಿಸಿ ಅಂದೆ. ರೈಲ್ವೆ ಡಾಕ್ಟರ್ ಕಿವಿಗೆ ಬಿದ್ದರೆ ಅನ್‌ಫಿಟ್ ಮಾಡಿ ಕೂರಿಸುತ್ತಾರೆಂದು ಮಾಮಾ ಒಪ್ಪಿರಲಿಲ್ಲ.

ಶನಿವಾರ ಹೋದೆ. ಮಾಮಾ ಬಾಗಿಲಲ್ಲೇ, “ಬಂದ್ರೇನ ವಕೀಲಬಾಯಿ, ಯಾರ ಮ್ಯಾಲ ಕೇಸು?” ಎಂದು ನಕ್ಕ. ಕಣ್ಣ ಕೆಳಗೆ ಮಸಿ ಮೆತ್ತಿದ ಹಾಗಿತ್ತು.

ರಾತ್ರಿ ಜೋಳದ ರೊಟ್ಟಿ ಮುರಿಯುತ್ತ ಅವನೇ ಛಗನಕಾಕಾನ ವಿಷಯ ತೆಗೆದ. ಈಗ ಡ್ಯೂಟಿಯ ಕರೆ ಮೊಬೈಲಿಗೆ ಬರುತ್ತದೆ. ಆಗ ಕಾಲ್‌ಮ್ಯಾನ್ ಅಂತ ಒಬ್ಬನಿರುತ್ತಿದ್ದ, ಈ ಊರಿನಲ್ಲಿ ಅದು ಛಗನಕಾಕಾ. ಗಾಡಿ ಹೊರಡುವ ಮೊದಲು ಕಂದೀಲು ಹಿಡಿದು ಡ್ರೈವರನ ಮನೆಗೆ ಬಂದು, ಕೋಲಿನಿಂದ ಬಾಗಿಲು ಬಡಿದು, ಹೆಸರು ಕೂಗುವುದೇ ಅವನ ಕೆಲಸ. ಒಳಗಿನಿಂದ ಉತ್ತರ ಬರುವವರೆಗೆ ಕಾಲು ಕೀಳುವ ಹಾಗಿಲ್ಲ. ಡ್ರೈವರ್ “ಆಯಾ”, ಬಂದೆ, ಅಂದರೆ ಅವನ ಕೆಲಸ ಮುಗಿಯಿತು. ಮನೆಯವರು “ಬಿಮಾರ್ ಹೈ”, ಹುಷಾರಿಲ್ಲ, ಅಂದರೆ ಕಾರಣ ಕೇಳದೆ ಮುಂದಿನ ಮನೆಗೆ ಹೋಗಿ ಅಲ್ಲಿಯ ಡ್ರೈವರನನ್ನು ಎಬ್ಬಿಸುತ್ತಿದ್ದ.

“ದೀಪಾವಳಿ ರಾತ್ರಿ ಇಡೀ ಸಾಲಿಗೆ ಒಮ್ಮೆಲೆ ಜಡ್ಡು ಬರ್ತಿತ್ತು,” ಅಂದ ಮಾಮಾ. “ಮರುದಿನ ನಳದ ಹತ್ತಿರ ಹೆಂಗಸರ ಜಗಳ ನೋಡಬೇಕಿತ್ತು ನೀನು. ನಿನ್ನ ಗಂಡನ ಜ್ವರ ನನ್ನ ಗಂಡನ ತಲಿಗೆ ಬಂತು ಅಂತ.”

ಅತ್ತೆ ನಗಲಿಲ್ಲ. ಅವಳು ಒಮ್ಮೆಯೂ ಹಾಗೆ ಸುಳ್ಳು ಹೇಳಿದವಳಲ್ಲ ಎಂದು ಮಾಮಾನೇ ಹೇಳಿದ.

ನಾನು ವಾದ ಶುರು ಮಾಡಿದೆ. ಛಗನಕಾಕಾ ಎಲ್ಲಿ? ಸತ್ತು ಹೋದ, ಚಟ್ಟಕ್ಕೆ ಹೆಗಲು ಕೊಟ್ಟವನು ಮಾಮಾನೇ. ಹೋಗಬೇಕಾದ ಗಾಡಿ ಎಲ್ಲಿದೆ? ಇಲ್ಲ. ಹಳಿ ಎಲ್ಲಿದೆ? ಕಿತ್ತು ಗುಜರಿಗೆ ಹೋಯಿತು. ಇನ್ನು ಉಳಿದದ್ದು ಅರ್ಧ ಆಯುಷ್ಯ ರಾತ್ರಿ ಎದ್ದ ದೇಹದ ರೂಢಿ, ಅಷ್ಟೇ. ಮಾಮಾ ಎಲ್ಲದಕ್ಕೂ ತಲೆಯಾಡಿಸಿದ.

“ನೀ ಹೇಳೂದೆಲ್ಲಾ ಖರೇ ಐತಿ. ಆದ್ರ ಹೆಸರು ಹಿಡಿದು ಕರೆದಾಗ ಎದ್ದು ಹೋಗದೇ ಇರೂದು ನನಗ ಬರೂದಿಲ್ಲವಾ.”

ಅವನನ್ನು ಒಳಕೋಣೆಯಲ್ಲಿ ಮಲಗಿಸಿ, ನಾನು ಪಡಸಾಲೆಯ ಬಾಗಿಲ ಬಳಿ ಚಾಪೆ ಹಾಕಿಕೊಂಡೆ. ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಹೊರಗೆ ಬೇವಿನ ಮರಗಳ ಕೆಳಗೆ ಒಣಗಿದ ಎಲೆ ಹಾಸಿತ್ತು. ದೂರದ ದೊಡ್ಡ ಲೈನಿನಲ್ಲಿ ಆಗಾಗ ಒಂದು ಗಾಡಿ ಹಾದು ಹೋಗುತ್ತಿತ್ತು... ಆಮೇಲೆ ಅದೂ ನಿಂತಿತು.

ಮೊದಲು ಬಂದದ್ದು ವಾಸನೆ. ಸೀಮೆಎಣ್ಣೆಯದು... ಅದರ ಹಿಂದೆಯೇ ಹಸಿ ಕಲ್ಲಿದ್ದಲಿನ ಹೊಗೆ. ಯಾರೋ ಕಸ ಸುಡುತ್ತಿದ್ದಾರೆ ಅಂದುಕೊಂಡೆ.

ಆಮೇಲೆ ಎಲೆಗಳ ಮೇಲೆ ಹೆಜ್ಜೆ.

ನಾಯಿಯಾಗಿದ್ದರೆ ಸರಸರ ಓಡುತ್ತಿತ್ತು. ಇದು ಒಂದು ಹೆಜ್ಜೆ, ಒಂದು ಕೋಲು... ಒಂದು ಹೆಜ್ಜೆ, ಒಂದು ಕೋಲು. ಆತುರವಿಲ್ಲ. ದಿನಾ ಬರುವವರ ನಡಿಗೆ. ಅತ್ತೆಯ ಕೈ ನನ್ನ ಮೊಣಕೈ ಹಿಡಿಯಿತು.

ನಮ್ಮ ಬಾಗಿಲಿಗೆ ಮೂರು ಸಲ ಬಡಿದ ಸದ್ದಾಯಿತು.

ಕಿಟಕಿಯಿಂದ ಟಾರ್ಚ್ ಬಿಟ್ಟೆ. ಮೆಟ್ಟಿಲು ಖಾಲಿ. ಗೇಟಿನ ಚಿಲಕ ಹಾಕಿದ ಹಾಗೇ ಇತ್ತು. ಬೆಳಕು ಬಾಗಿಲ ಮುಂದೆಯೇ ಬಿದ್ದಿರುವಾಗ, ಆ ಬೆಳಕಿನೊಳಗಿನಿಂದಲೇ ಒಬ್ಬ ಮುದುಕ ಕೆಮ್ಮಿದ. ಗಂಟಲು ಸರಿಮಾಡಿಕೊಂಡು, ಬೀಡಿ ಸೇದಿ ಒರಟಾದ ದನಿಯಲ್ಲಿ ಹೇಳಿದ.

“ಗಂಗಾಧರ ಡ್ರೈವರ್...”

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಮಾಮಾನ ಕಾಲು ನೆಲಕ್ಕೆ ತಾಗಿತು. ನಿದ್ದೆಗಣ್ಣಿನಲ್ಲೇ ಅವನು ಅಂಗಿ ತಡಕುತ್ತಿದ್ದದ್ದು ಬಾಗಿಲ ಸಂದಿಯಲ್ಲಿ ಕಂಡಿತು. ಇನ್ನೊಂದು ಕ್ಷಣಕ್ಕೆ ಅವನು “ಆಯಾ” ಅನ್ನುತ್ತಿದ್ದ. ನಾಳೆ ಅವನಿಗೆ ಮತ್ತೆ ಗಾಡಿಯಿತ್ತು.

ಆಗ ನನಗೆ ಹೊಳೆದದ್ದನ್ನು ನಾನು ಜಾಣತನವೆಂದೇ ತಿಳಿದಿದ್ದೆ. ಎದುರಾಳಿಯ ಮಾತನ್ನು ಅಲ್ಲಗಳೆಯಲು ಆಗದಿದ್ದರೆ ಒಪ್ಪಿಕೊಂಡುಬಿಡು, ಅವನ ನಿಯಮದಲ್ಲೇ ಅವನನ್ನು ಸೋಲಿಸು. ಚರ್ಚೆಯಲ್ಲಿ ಇದು ಹಳೇ ಪಟ್ಟು. ಅಲ್ಲಿ ಯಾರೂ ಇಲ್ಲದಿದ್ದರೆ ನಷ್ಟವೇನಿಲ್ಲ. ಇದ್ದರೆ...

ಬಾಗಿಲಿಗೆ ಬಾಯಿ ಹಚ್ಚಿ, ಗಟ್ಟಿಯಾಗಿ ಅಂದೆ.

“ಬಿಮಾರ್ ಹೈ.”

ಹೊರಗೆ ಏನೂ ಇಲ್ಲ. ಆಮೇಲೆ ಆ ದನಿ, ಬೇಸರವಿಲ್ಲದೆ, “ಹಂ” ಅಂದಿತು. ಕೋಲು ಮೆಟ್ಟಿಲಿಳಿಯಿತು.

ಒಳಗೆ ಮಾಮಾ ಮಂಚದ ಮೇಲೆ ಹಾಗೇ ಹಿಂದಕ್ಕೆ ಒರಗಿದ. ಒಂದು ದೀರ್ಘ ಉಸಿರು, ಅದರ ಹಿಂದೆಯೇ ಗೊರಕೆ.

ನಾನು ಅತ್ತೆಯ ಕಡೆ ತಿರುಗಿ ಹೇಗಿದೆ ಎಂಬಂತೆ ಹುಬ್ಬು ಹಾರಿಸಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಕಿವಿಗೊಟ್ಟು ಕೂತಿದ್ದಳು.

ಪಕ್ಕದ ಮನೆಯಲ್ಲಿ ಮೂರು ಬಡಿತ. ಅದರಾಚೆಯ ಮನೆಯಲ್ಲಿ ಮೂರು ಬಡಿತ. ಪ್ರತಿ ಮನೆಯ ಮುಂದೆಯೂ ಆ ಹೆಜ್ಜೆ ತಾಳ್ಮೆಯಿಂದ ಕಾಯುತ್ತಿತ್ತು, ಹೆಸರು ಕೂಗುತ್ತಿತ್ತು, ನಮಗೆ ಗೊತ್ತಿಲ್ಲದ ಹೆಸರುಗಳು... ನಮಗೆ ಕೇಳಿಸದ ಉತ್ತರ ಸಿಕ್ಕ ಹಾಗೆ ಮತ್ತೆ ನಡೆಯುತ್ತಿತ್ತು. ಆ ಮನೆಗಳಿಗೆ ಬಾಗಿಲುಗಳೇ ಇರಲಿಲ್ಲ ಎಂದು ಆಗಲೇ ಬರೆದಿದ್ದೇನೆ. ಆದರೂ ಸದ್ದು ಬಂದದ್ದು ಮರದ ಮೇಲೆ ಬಡಿದ ಸದ್ದೇ.

ಸಾಲಿನ ಕೊನೆಯಲ್ಲಿ ಅದು ನಿಂತಿತು. ಮೂರು ಬಡಿತ. ದನಿ ಅಷ್ಟು ದೂರದಿಂದ ಸ್ಪಷ್ಟವಾಗಲಿಲ್ಲ. ಆದರೆ ಉತ್ತರ ಕೇಳಿಸಿತು. ಎಳೆಯ ದನಿ, ನಿದ್ದೆಯಲ್ಲಿ ತೊದಲಿದ್ದು.

“ಆಯಾ...”

ಕೊನೆಯ ಮನೆಯ ದೀಪ ಹತ್ತಿತು.

ಕಲ್ಲಿದ್ದಲಿನ ವಾಸನೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಅತ್ತೆ ಎದ್ದು ಹೋಗಿ ಮಾಮಾನ ಪಾದದ ಬಳಿ ಮಲಗಿದಳು. ರಾಕೇಶನಿಗೆ ಡ್ಯೂಟಿಯ ಫೋನ್ ಬಂದಿರಬೇಕು ಎಂದು ನಾನು ನನಗೇ ಹೇಳಿಕೊಂಡೆ. ಬಂದಿರಲೂಬಹುದು. ಬೆಳಗ್ಗೆ ಹೋಗಿ ಕೇಳಿದ್ದರೆ ಗೊತ್ತಾಗುತ್ತಿತ್ತು. ನಾನು ಕೇಳಲಿಲ್ಲ.

ಬಿಸಿಲು ಅಂಗಳಕ್ಕೆ ಬಂದ ಮೇಲೆ ಮಾಮಾ ಎದ್ದ. ಎರಡು ಸಲ ಚಹಾ ಕೇಳಿ ಕುಡಿದ. ಛಗನಕಾಕಾ ಬರಲಿಲ್ಲ, ನಿನ್ನ ವಾದಕ್ಕೆ ಹೆದರಿದ ಎಂದು ನನ್ನನ್ನು ಛೇಡಿಸಿದ. ಅಂದಿನಿಂದ ಅವನ ನಿದ್ದೆ ಕೆಡಲಿಲ್ಲ. ಗೆದ್ದೆ ಎಂದುಕೊಂಡೇ ನಾನು ಅಹಮದಾಬಾದಿನ ಗಾಡಿ ಹತ್ತಿದೆ. ಮನೆಯಲ್ಲಿ ಅದನ್ನು ತಮಾಷೆಯಾಗಿ ಹೇಳಿಕೊಂಡೂ ಬಂದೆ.

ಸಂಕ್ರಾಂತಿಗೆ, ಇಲ್ಲಿಯವರ ಉತ್ತರಾಯಣಕ್ಕೆ, ಮತ್ತೆ ಹೋದೆ. ಮಾಮಾ ಮೈ ತುಂಬಿಕೊಂಡಿದ್ದ, ಮಾಳಿಗೆಯ ಮೇಲೆ ಗಾಳಿಪಟದ ದಾರಕ್ಕೆ ಗಂಟು ಹಾಕುತ್ತಿದ್ದ. ಅಡುಗೆಮನೆಗೆ ರಾಕೇಶನ ಹೆಂಡತಿ ಪೂಜಾ ಬಂದಳು, ಎಳ್ಳುಂಡೆಯ ತಟ್ಟೆ ಹಿಡಿದು. ನನಗಿಂತ ಚಿಕ್ಕವಳು. ತಟ್ಟೆ ಇಟ್ಟ ಮೇಲೂ ಹೋಗಲಿಲ್ಲ. ಸೆರಗಿನ ತುದಿ ಸುತ್ತುತ್ತ ಅತ್ತೆಯನ್ನು ಹಿಂದಿಯಲ್ಲಿ ಕೇಳಿದಳು, ಆಂಟೀಜಿ, ರಾತ್ರಿ ನಿಮ್ಮ ಕಡೆ ಯಾರಾದರೂ ಬಾಗಿಲು ಬಡಿಯುತ್ತಾರಾ?

ಅತ್ತೆ ಚಹಾ ಸೋಸುತ್ತಿದ್ದಳು. ತಲೆಯೆತ್ತದೆ, ಇಲ್ಲ ಮಗಳೇ, ನಾವೇನೂ ಕೇಳಿಲ್ಲ ಅಂದಳು.

ಪೂಜಾ ನನ್ನ ಕಡೆ ತಿರುಗಿದಳು. ರಾಕೇಶ್ ರಾತ್ರಿ ಎದ್ದು ಶೆಡ್ಡಿನ ಕಡೆ ಹೋಗುತ್ತಾನೆ, ಹಗಲು ಡ್ಯೂಟಿಯಲ್ಲಿ ತೂಕಡಿಸುತ್ತಾನೆ, ನನಗೆ ಹೆದರಿಕೆ ಅಂದಳು. ಆಮೇಲೆ, “ದೀದಿ, ಆಪ್ ಪಢೀ-ಲಿಖೀ ಹೋ. ಏಕ್ ರಾತ್ ಆಕೇ ಉನ್ಹೇ ಸಮಝಾ ದೋ ನಾ, ವಹಾಂ ಕೋಈ ನಹೀಂ ಹೈ.”

ಅತ್ತೆ ಅಂದು ನನ್ನನ್ನು ಕೇಳಿದ್ದೂ ಇದನ್ನೇ, ಒಂದು ರಾತ್ರಿ ಬಂದು ಅಲ್ಲಿ ಯಾರೂ ಇಲ್ಲ ಎಂದು ತಿಳಿಸಿ ಹೇಳು ಅಂತ. ನೋಡೋಣ ಅಂದೆ. ಅವಳು ಹೋದಳು.

ಅವಳಿಗೆ “ಬಿಮಾರ್ ಹೈ” ಎಂಬ ಆ ಎರಡು ಮಾತು ಹೇಳಿಕೊಟ್ಟುಬಿಡೋಣ ಅಂದೆ ಅತ್ತೆಗೆ. ಅತ್ತೆ ಚಹಾದ ಲೋಟ ನನ್ನ ಮುಂದಿಟ್ಟಳು. ಮಾಳಿಗೆಯ ಮೇಲೆ ಮಾಮಾ ಯಾರದೋ ಪಟ ಕತ್ತರಿಸಿ ಊರಿನ ಮಕ್ಕಳೊಂದಿಗೆ ಕೂಗುತ್ತಿದ್ದ.

“ಅವರದು ಕಡೀ ಮನಿ ಐತಿ, ಮೇಘಾ,” ಅಂದಳು. “ಅದರ ಮುಂದ ಮನಿ ಇಲ್ಲ. ಸಾಲು ಮುಗಿದ್ರ ಛಗನಕಾಕಾ ಮತ್ತ ಮೊದಲನೇ ಮನಿಯಿಂದ ಶುರು ಮಾಡ್ತಿದ್ದ.”

ನಾನು ಪೂಜಾಳಿಗೆ ಇನ್ನೂ ಏನೂ ಹೇಳಿಲ್ಲ. ಅವಳು ಅತ್ತೆಯಿಂದ ನಂಬರ್ ಇಸಿದುಕೊಂಡು ಎರಡು ಸಲ ಫೋನ್ ಮಾಡಿದಳು. ಸತ್ತವರು ಬಾಗಿಲು ಬಡಿಯುತ್ತಾರೆ ಎಂಬುದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಬೇಕಾದರೆ ಎದುರು ಕೂತು ವಾದಿಸುತ್ತೇನೆ. ಹಾಗಿದ್ದರೆ ಆ ಹುಡುಗಿಗೆ ಎರಡು ಮಾತು ಹೇಳಿಕೊಡಲು ನನಗೇನು ಅಡ್ಡಿ ಎಂದು ನೀವು ಕೇಳಬಹುದು.

ಕೇಳಬೇಡಿ.