ಮೀಸೆಗೆ ತಾಗಿಸಿದ ಚಮಚ

ನಾನು ಬಿ.ಎ. ಮುಗಿಸಿ ಹೊಸಪೇಟೆಗೆ ಮರಳಿದ ವರ್ಷ, ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುವವರೊಬ್ಬರು ನಮ್ಮ ಎದುರು ಮನೆಯಲ್ಲಿದ್ದರು. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಹೆಣ್ಣು ಕೂಸನ್ನು ಅವರೇ ಸಾಕುತ್ತಿದ್ದರು.

ಗಂಡಸು ಬೀಸುವುದನ್ನು ಜನ ನೋಡಬಾರದೆಂದು ಬಾಗಿಲು ಹಾಕಿಕೊಂಡು ಮೊಳಕೆ ರಾಗಿ ಬೀಸುತ್ತಿದ್ದರು. ಕಲ್ಲಿನ ಸದ್ದು ಮಾತ್ರ ಓಣಿಗೆಲ್ಲ ಕೇಳುತ್ತಿತ್ತು. ಅಂಗಡಿಯ ಡಬ್ಬಿ ಹಿಟ್ಟು ತರಬಾರದೇ ಎಂದು ಯಾರು ಕೇಳಿದರೂ ಒಂದೇ ಉತ್ತರ: “ಆ ರೊಕ್ಕದಾಗ ಈಕಿಗೊಂದು ಆಕಳಾನ ಕಟ್ತೀನ್ರಿ.” ರಾಗಿ ಸರಿ ಕಾಯಿಸಿ, ಬಿಸಿ ನೋಡಲು ಪ್ರತಿ ಚಮಚವನ್ನೂ ಮೊದಲು ತಮ್ಮ ಮೀಸೆಗೆ ತಾಗಿಸಿಕೊಂಡು ಉಣಿಸುತ್ತಿದ್ದರು.

ಒಂದು ದಿನ ಕೂಸನ್ನು ಕರೆದೊಯ್ಯಲೆಂದೇ ಅವರ ಅತ್ತೆ, ಹೆಂಡತಿಯ ತಾಯಿ, ಕಂಪ್ಲಿಯಿಂದ ಗಾಡಿ ಕಟ್ಟಿಸಿಕೊಂಡು ಬಂದರು. ಆಗ ನಾನೂ ಅಲ್ಲಿದ್ದೆ.

“ಗಂಡಸರ ಕೈಯಾಗ ಕೂಸು ಉಳೀತದೇನ್ರಿ?” ಎಂದರು ಅತ್ತೆ.

ಅಳಿಯ ರಾಗಿ ಸರಿಯ ಬಟ್ಟಲನ್ನು ಅವರ ಮುಂದಿಟ್ಟರು. ಅತ್ತೆ ಊದಿ ಊದಿ ಉಣಿಸಹೋದರೆ ಕೂಸು ತುಟಿ ಬಿಗಿದುಕೊಂಡು ಅಪ್ಪನನ್ನೇ ನೋಡಿತು.

“ಸಿಟ್ಟಾಗಬ್ಯಾಡ್ರಿ ಅತ್ತಿ. ಚಮಚ ಮೀಸಿಗೆ ಹಚ್ಚದಿದ್ರ ಈಕಿ ಬಾಯಿ ತೆರ್ಯಂಗಿಲ್ಲ.”

“ಅಯ್ಯ ಶಿವನ, ಮೀಸಿ ಎಲ್ಲಿಂದ ತರ್ಲಿ ನಾ?”

ಅತ್ತೆಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಮುಖ ಅರ್ಧ ಮುಚ್ಚಿಕೊಂಡು, ಚಮಚವನ್ನು ಅಳಿಯನ ಮೀಸೆಗೆ ತಾಗಿಸಿದರು. ಕೂಸು ಬಾಯಿ ತೆರೆಯಿತು. ಬಟ್ಟಲು ಖಾಲಿಯಾಗುವವರೆಗೂ ಹಾಗೆಯೇ ಉಣಿಸಿದರು.

ಆಮೇಲೆ ಅತ್ತೆ ಬಾಗಿಲಿಗೆ ಬಂದು ಗಾಡಿಯವನಿಗೆ ಹೇಳಿದರು: “ನೀ ಹೋಗಪಾ. ಕೂಸು ಇಲ್ಲೇ ಇರ್ಲಿ. ನಾನೂ ನಾಕು ದಿನ ಇದ್ದು ಬರ್ತೀನಿ.”

ಕೂಸಿನ ಅಪ್ಪ ನಮಗೆ ಬೆನ್ನು ಮಾಡಿ, ಅಂಗೈಯಗಲದ ಆ ಬಟ್ಟಲನ್ನು ಬಹಳ ಹೊತ್ತು ತೊಳೆಯುತ್ತಿದ್ದರು.