ಪೂಜೆಗಿಟ್ಟ ಟೈರುಗಳು

ಬೀದಿಯ ತಿರುವಿನಲ್ಲಿ ನಮ್ಮ ಕಾರಿನ ಹಾರನ್ ಕೇಳಿಸಿದರೆ ಸಾಕು, ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಭಾವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಬರುತ್ತಿದ್ದವರು ನನ್ನ ಯಜಮಾನರು. ಆದರೆ ಕಾರು ಅದೇ, ಹಾರನ್ನೂ ಅದೇ, ಬಾಗಿಲೆದುರು ನಿಲ್ಲುವ ಮುಂಚಿನ ಆ ಕೆಮ್ಮಿನಂಥ ಸದ್ದೂ ಅದೇ. ನನ್ನ ಎದೆಯೂ ಪ್ರತಿ ಸಂಜೆ ಧಸಕ್ಕೆನ್ನುತ್ತಿತ್ತು. ಹೆಂಗಸರ ಪುಕ್ಕಲು ಎಂದು ನಗುವವರು ನಗಲಿ. ಸತ್ತವರ ಕಾರು ದಿನವೂ ಮನೆಗೆ ಬರುವುದನ್ನು ಅವರು ಕಂಡವರಲ್ಲ.

ಸೇಲಂನಲ್ಲಿ ನಮ್ಮದು ಮಗ್ಗದ ಮನೆ. ಅಕ್ಕ ಆ ಮನೆಯ ಅಣ್ಣನನ್ನೂ ನಾನು ತಮ್ಮನನ್ನೂ ಮದುವೆಯಾಗಿ ಒಂದೇ ಮನೆ ಸೇರಿದ್ದೆವು. ಮೆಟ್ಟೂರಿನಲ್ಲಿ ಅಣೆಕಟ್ಟಿನ ಕೆಲಸ ಜೋರಾಗಿ, ಬಾಡಿಗೆ ಕಾರಿಗೆ ಗಿರಾಕಿ ಹೆಚ್ಚಿದಾಗ ಭಾವ ಮಗ್ಗದ ಗುಂಡಿಯಿಂದ ಎದ್ದವರು ಮತ್ತೆ ಅದಕ್ಕೆ ಇಳಿಯಲಿಲ್ಲ. ಒಂದು ಹಳೆಯ ಕಾರು ತಂದರು. ಅದಕ್ಕಿದ್ದ ಉಪಚಾರ ಅಕ್ಕನಿಗೂ ಇರಲಿಲ್ಲ. ಅದರಲ್ಲಿ ಏನಾದರೂ ಕೆಟ್ಟರೆ ಊಟ ಬಿಟ್ಟು ಗುದ್ದಾಡುತ್ತಿದ್ದರು, ಸರಿಯಾಗದೆ ಏಳುತ್ತಿರಲಿಲ್ಲ.

ಐಪ್ಪಸಿ, ಅಂದರೆ ದೀಪಾವಳಿ ತಿಂಗಳ ಮಳೆಗೆ ಮುಂಚೆ ಹಿಂದಿನ ಎರಡು ಟೈರು ಸವೆದು ಬೋಳಾಗಿದ್ದವು. ಧರ್ಮಪುರಿಗೆ ಹೋಗುವ ತೊಪ್ಪೂರು ಘಾಟಿಯ ದಾರಿ ಒಣಗಿದ್ದಾಗಲೇ ಭಯ. ನೆನೆದರೆ ಎತ್ತುಗಳೇ ಜಾರುತ್ತಿದ್ದವು. ಟೈರಿನ ಮೇಲಿನ ಅಳತೆಯ ಅಂಕಿಗಳು ಅಳಿಸಿಹೋಗಿದ್ದವು. ನೇಯ್ದ ಕೈಯಲ್ಲವೇ, ಭಾವ ಹಳೆಯ ಟೈರಿನ ಹೊರಸುತ್ತಿಗೆ ನೂಲು ಹಿಡಿದು ಗಂಟು ಹಾಕಿಕೊಂಡರು. ಅಂಗಡಿಯಲ್ಲಿ ಆ ನೂಲು ಸರಿಯಾಗಿ ಕೂತ ಎರಡು ಹೊಸ ಟೈರು ಆರಿಸಿ ತಂದರು.

“ಸೀರೆ ಅಳೆದೋನಿಗೆ ಟೈರ್ ಅಳ್ಯಾಕ್ ಬರಲ್ವಾ?” ಎಂದು ಮೀಸೆ ತಿರುವಿದರು.

ಮಾರನೆಯ ದಿನವೇ ಆಯುಧಪೂಜೆ. ಲಾಳಿಗಳ ಪಕ್ಕದಲ್ಲಿ ಟೈರುಗಳನ್ನೂ ದೇವರ ಮುಂದೆ ಒರಗಿಸಿ ಅಕ್ಕ ಕುಂಕುಮ ಇಟ್ಟಳು. ಬೆಳಗಿನ ಪೂಜೆ ಮುಗಿಯುತ್ತಿದ್ದಂತೆ ಒಬ್ಬ ವ್ಯಾಪಾರಿ ಓಡಿಬಂದ. ಧರ್ಮಪುರಿಯಲ್ಲಿ ಅವನ ತಾಯಿ ಸಾಯುವ ಸ್ಥಿತಿಯಲ್ಲಿದ್ದಳಂತೆ. ಆಗಲೇ ಮಳೆ ಹನಿಯುತ್ತಿತ್ತು. ಹೊಸ ಟೈರು ಹಾಕಿಕೊಂಡೇ ಹೊರಡೋಣವೆಂದು ಭಾವ ಕೈಚಾಚಿದರು. ಅಕ್ಕ ಅಡ್ಡ ನಿಂತಳು.

“ಬ್ಯಾಡ. ಪೂಜೆಗಿಟ್ಟಿದ್ದ ಇವತ್ತು ಕದಲಿಸ್ಬಾರ್ದು. ನಾಳೆ ಮರುಪೂಜೆ ಆದ್ಮ್ಯಾಲೆ ಎತ್ಕಳಿ.”

ಅವಳು ಹೇಳಿದ್ದರಲ್ಲಿ ವಿಶೇಷವೇನೂ ಇರಲಿಲ್ಲ. ಲಾಳಿಯನ್ನೂ ನಾವು ಆ ದಿನ ಮುಟ್ಟುವವರಲ್ಲ. ಸಾಯುವವರ ವಿಷಯವೆಂದು ಅಕ್ಕ ಕಾರನ್ನು ಹೊರಡಿಸಲು ಒಪ್ಪಿದ್ದೇ ದೊಡ್ಡದು. ಭಾವ ಗೊಣಗುತ್ತ ಬೋಳು ಟೈರಿನಲ್ಲೇ ಹೋದರು. ವ್ಯಾಪಾರಿಯನ್ನು ಧರ್ಮಪುರಿಯಲ್ಲಿ ಇಳಿಸಿ ಒಬ್ಬರೇ ಹಿಂದಿರುಗುವಾಗ ದಾರಿಯ ನಲ್ಲಂಪಳ್ಳಿಯವರು ಅವರನ್ನು ಕಂಡಿದ್ದರು. ಆಮೇಲೆ ಕಂಡವರು ಘಾಟಿಯ ಹಳ್ಳದಲ್ಲಿ ಕಂಡರು. ಕಾರಿನ ಒಂದು ಮಗ್ಗುಲು ನುಜ್ಜಾಗಿತ್ತು, ಅಷ್ಟೆ. ಅದು ರಿಪೇರಿಯಾಯಿತು.

ಭಾವನ ಪಂಚೆ, ಚಪ್ಪಲಿ ಎಲ್ಲವನ್ನೂ ಕೊಟ್ಟುಬಿಟ್ಟೆವು. ಟೈರುಗಳನ್ನು ಮಾತ್ರ ಅಕ್ಕ ಯಾರಿಗೂ ಮುಟ್ಟಗೊಡಲಿಲ್ಲ. ಗೋಣಿಯಲ್ಲಿ ಸುತ್ತಿ ಮಗ್ಗದ ಮೇಲಿನ ಅಟ್ಟಕ್ಕೆ ಸೇರಿಸಿದಳು. ತೇವದ ದಿನಗಳಲ್ಲಿ ರಬ್ಬರಿನ ವಾಸನೆ ಕೆಳಗಿಳಿದು ಮನೆಯನ್ನು ತುಂಬುತ್ತಿತ್ತು. ಲಾಳಿ ಎಸೆಯುತ್ತಿದ್ದವಳು ತಟ್ಟನೆ ನಿಲ್ಲಿಸಿ, “ನಾನ್ ತಡ್ದಿಲ್ದಿದ್ರೆ ಬದುಕ್ತಿದ್ರಾ?” ಎಂದು ಕೇಳುತ್ತಿದ್ದಳು. ಇಲ್ಲ ಎಂದು ಸುಳ್ಳು ಹೇಳುತ್ತಿದ್ದೆ. ಅವಳು ನಂಬುತ್ತಿರಲಿಲ್ಲ.

ಮತ್ತೆ ಮಳೆಗಾಲ ಬಂತು. ತೇಪೆ ಹಾಕಿದ ಟೈರುಗಳಲ್ಲಿ ಯಜಮಾನರು ಘಾಟಿ ಹತ್ತುವುದನ್ನು ನೆನೆದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ತಾನೇ ಅಟ್ಟ ಹತ್ತಿ ಟೈರುಗಳನ್ನು ಇಳಿಸಿದಳು. ಒಣಗಿದ ಕುಂಕುಮ ಇನ್ನೂ ಅಂಟಿಕೊಂಡಿತ್ತು.

“ತಗಳಪ್ಪ, ಆಕ್ಕೊ. ಇನ್ನೊಬ್ರನ್ನ ಕಳ್ಕಳಾಕೆ ನನ್ ಕೈಲಾಗಲ್ಲ.”

ಯಜಮಾನರು ಗಾಲಿ ಬಿಚ್ಚಿ ಅಂಗಳದಲ್ಲಿ ಕೂತರು. ಕಬ್ಬಿಣದ ಪಟ್ಟಿ ತೂರಿಸಿ ಮೀಟಿದರು, ಕಾಲಲ್ಲಿ ತುಳಿದರು, ಬೆವತುಹೋದರು. ಟೈರು ಗಾಲಿಗೆ ಏರಲೇ ಇಲ್ಲ. ಕೊನೆಗೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದರು. ಎತ್ತರ ಒಂದೇ. ಆದರೆ ಹೊಸದರ ರಬ್ಬರು ದಪ್ಪ, ನಡುವಿನ ತೂತು ಚಿಕ್ಕದು. ಚಿಕ್ಕ ಗಾಲಿಯ ಬೇರೆ ಕಾರಿಗೆ ಮಾಡಿದ್ದು ಅದು.

“ಅಣ್ಣ ನೂಲ್ ಸುತ್ತಿದ್ದು ಒರಗೆ,” ಎಂದರು ಮೆಲ್ಲಗೆ. “ಕೂರೋದು ಒಳಗಿನ ಅಳತೆ ಮ್ಯಾಲೆ.”

ಅಷ್ಟು ಹೇಳಿದವರ ಮುಖ ಅರಳಿತು. ಎದ್ದುನಿಂತು, “ಅತ್ಗೆ, ಇಲ್ ನೋಡಿ! ನೀವು ಅವತ್ತು ತಡೀದೆ ಇದ್ರೂ ಇದು ಕೂರ್ತಿರ್ಲಿಲ್ಲ. ಗಾಲಿ ಅದೇ, ನಾನ್ ಬದ್ಲಾಯ್ಸಿಲ್ಲ. ನಿಮ್ದೇನೂ ತಪ್ಪಿಲ್ಲ ಅತ್ಗೆ, ಸತ್ಯಮಾ!” ಎಂದರು.

ನನಗೆ ಅಳು ಬಂತು, ಸಂತೋಷದ ಅಳು. ಅಕ್ಕನ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡು ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಳಗಿನ ಅಂಚಿನ ಮೇಲೆ ಬೆರಳಾಡಿಸಿದಳು.

“ಎಷ್ಟ್ ಗುದ್ದಾಡಿದ್ರೂ ಕೂರಲ್ವಾ?”

“ಕೂರಲ್ಲ ಅತ್ಗೆ.”

“ಅಂಗಾದ್ರೆ ಅವ್ರು ಓಗ್ತಿರ್ಲಿಲ್ಲ.” ಅವಳ ದನಿ ಏರಲೂ ಇಲ್ಲ. “ಅವ್ರ ಕ್ವಾಪ ನಂಗೊತ್ತಿಲ್ವಾ? ಕೂರ್ಲಿಲ್ಲ ಅಂತ ಮಧ್ಯಾನದ್ ಗಂಟ ಇದ್ರ ಜತೆ ಒಡೆದಾಡ್ತಿದ್ರು. ಆ ಯಾಪಾರಿ ಬ್ಯಾರೆ ವಂಡಿ ಇಡ್ಕಂಡ್ ಓಗಿರೋನು. ಪಾವಿ ನಾನು, ಎತ್ಕಳಿ ಅಂದಿದ್ರೆ ಸಾಕಿತ್ತು.”

ಭಾವನ ಹಟ ಯಜಮಾನರಿಗೂ ನನಗೂ ಗೊತ್ತಿತ್ತು. ಅವಳ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಅಲ್ಲಿಯವರೆಗೆ ಅವಳಿಗೆ ಬರೀ ಅನುಮಾನವಿತ್ತು. ಸಮಾಧಾನ ಹೇಳಲು ಹೋಗಿ ನಾವೇ ಅದನ್ನು ಖಾತರಿ ಮಾಡಿಕೊಟ್ಟಿದ್ದೆವು.