ಕಾಗದ ಕೇಳಿದವರು

ನಮ್ಮ ಸೀನಿಯರ್ ಕುತ್ತಿಗೆಯ ಮೇಲೆ, ವಕೀಲರ ಬಿಳಿ ಬ್ಯಾಂಡಿನ ಗುಂಡಿ ಒತ್ತುವ ಜಾಗದಲ್ಲಿ, ಹುಣಸೆಬೀಜದಷ್ಟು ಕಪ್ಪು ಕಲೆಯಿತ್ತು. ಮಧುಗಿರಿ ಕೋರ್ಟಿನಲ್ಲಿ ವಾದಿಸುವಾಗ ಅದು ಕಾಣುತ್ತಿರಲಿಲ್ಲ. ಹಳ್ಳಿಗೆ ರಾಜಿ ಮಾತಾಡಲು ಹೊರಟರೆ ಬ್ಯಾಂಡು, ಕೋಟು ಎರಡನ್ನೂ ಬಸ್ಸಿನಲ್ಲೇ ಕಳಚಿ ನನ್ನ ಕೈಗೆ ಕೊಡುತ್ತಿದ್ದರು. "ಇದನ್ನ ಕಂಡ್ರೆ ಜನ ನಿಜ ಹೇಳಾಕಿಲ್ಲ ಕಣಮ್ಮ" ಎನ್ನುತ್ತಿದ್ದರು.

ಕೊರಟಗೆರೆಯಿಂದ ಶಿರಾವರೆಗೆ ಎಲ್ಲಿ ಜಗಳವಾದರೂ ಮೊದಲ ಫೋನು ಅವರಿಗೇ. ಅವರದೊಂದು ಕಟ್ಟಳೆಯಿತ್ತು: ಪ್ರತಿಯೊಬ್ಬರೂ ಎದುರಾಳಿಯ ದೂರನ್ನು ತಾವೇ ಹೇಳಬೇಕು, ಎದುರಾಳಿ ಹೌದೆನ್ನಬೇಕು, ಆಮೇಲೇ ಮಾತು. ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತಿತ್ತು. ರಾಜಿಯಾದರೆ ಕಾಗದ ಬರೆಸುತ್ತಿರಲಿಲ್ಲ. ನನಗೋ ಹೊಸದಾಗಿ ಲಾ ಓದಿದ ಕೊಬ್ಬು. ಇದೆಂಥ ವಕೀಲಿಕೆ ಎಂದು ಒಳಗೊಳಗೇ ನಗುತ್ತಿದ್ದೆ.

ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ ಸೋಲಾರ್ ಕಂಪನಿಯ ಬೇಲಿ ಬಂದು, ಕುರಿಗಳು ಕಟ್ಟೆಯ ನೀರಿಗೆ ಹೋಗುವ ದಾರಿ ಮುಚ್ಚಿಹೋಯಿತು. ಸೀನಿಯರ್ ಮೂರು ಸಲ ಓಡಾಡಿ ಅಲ್ಲಿನ ಮ್ಯಾನೇಜರನ್ನು ಒಪ್ಪಿಸಿದರು. ದಿನಕ್ಕೆರಡು ಹೊತ್ತು ಗೇಟು ತೆಗೆಯುತ್ತೇನೆಂದ ಅವನು ಹಾಗೇ ನಡೆದುಕೊಂಡ. ತಿಂಗಳೊಪ್ಪತ್ತು ಕುರಿಗಳು ಸಲೀಸಾಗಿ ನೀರು ಕುಡಿದು ಬಂದವು. ಬಾಯಿಮಾತನ್ನು ನಂಬುವುದು ಹೇಗೆಂದು ನಾನು, ಸೀನಿಯರಿಗೆ ಹೇಳದೆ, ನಮ್ಮ ಆಫೀಸಿನ ಲೆಟರ್‌ಹೆಡ್ಡಿನಲ್ಲಿ ಅವನಿಗೆ ಪತ್ರ ಬರೆದೆ: ಒಪ್ಪಂದವನ್ನು ಬರಹದಲ್ಲಿ ಕೊಡಿ. ಬರಹ ಕೊಡಲು ಅವನು ಮೇಲಿನವರನ್ನು ಕೇಳಬೇಕಾಯಿತು. ಮೇಲಿನವರು ಆಗದು ಎಂದರು. ಗೇಟಿಗೆ ಬೀಗ ಬಿತ್ತು.

ಸೀನಿಯರ್ ಬೈಯಲಿಲ್ಲ. "ಅವ್ನು ಕಣ್ಮುಚ್ಕೊಂಡು ಬುಟ್ಟಿದ್ದ ಕಣಮ್ಮ. ನೀನು ಕಣ್ ತೆಗಿ ಅಂದ್ಬುಟ್ಟೆ" ಎಂದರು, ಅಷ್ಟೇ.

ಮಾರನೆಯ ವಾರ ಕುರಿಯವರು ಆಫೀಸಿಗೆ ಬಂದರು. ಅವರಲ್ಲಿ ಹಿರಿಯನೊಬ್ಬ, "ಕಾಗ್ದ ಕೇಳಿದ್ದು ಯಾರು ಸಾಮಿ?" ಎಂದ. ನಾನು ಫೈಲು ತಿರುವುತ್ತಾ ತಲೆ ತಗ್ಗಿಸಿದೆ.

"ನಾನೇ ಕಣಪ್ಪ. ಬುದ್ಧಿ ಕೆಡ್ತು" ಎಂದರು ಸೀನಿಯರ್.

ಆಮೇಲೆ ಆ ಕಡೆಯವರು ಅವರನ್ನು ರಾಜಿಗೆ ಕರೆಯಲಿಲ್ಲ. ಸುದ್ದಿ ಶಿರಾಕ್ಕೂ ಹೋಯಿತು, ಫೋನುಗಳು ಕಮ್ಮಿಯಾದವು. ಗೇಟಿಗಾಗಿ ನಾನು ಹಾಕಿದ ದಾವೆ ಇನ್ನೂ ನಡೆಯುತ್ತಲೇ ಇದೆ. ಕುರಿಯವರಿಗೆ ನಿಜ ಹೇಳಿಬಿಡುತ್ತೇನೆಂದು ಎಷ್ಟೋ ಸಲ ಅವರ ಮುಂದೆ ನಿಂತಿದ್ದೇನೆ. "ನಿಂಗಿನ್ನೂ ಮುಂದೆ ಕೆಲ್ಸ ಐತೆ, ಸುಮ್ಕಿರು" ಎನ್ನುತ್ತಿದ್ದರು. ಸುಮ್ಮನಿರುವುದು ನನಗೂ ಹಿತವಾಗಿತ್ತು, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಆ ಹಿರಿಯನೂ ಅಷ್ಟು ದೂರದಿಂದ ಬಂದಿದ್ದ. ನನ್ನ ಪಕ್ಕ ನಿಂತು, "ದೊಡ್ಡ ಮನ್ಸ. ಅದೊಂದು ಕಾಗ್ದ ಕೇಳ್ಬಾರ್ದಿತ್ತು" ಎಂದ.

ನಾನು ಹೂಂ ಎಂದೆ.